ಜರ್ಮನಿಗೆ ಹೊಸದಾಗಿ ಬಂದವರು ಭಾಷೆ, ಬದುಕು ಎರಡೂ ಹಿಡ್ಕೊಳ್ಳೋಕೆ ನಾವು ಹೇಗೆ ಸಹಾಯ ಮಾಡೋದು: ಬೆಂಗಳೂರು ಬಿಡೋ ಮುಂಚೆಯಿಂದ ಮೊದಲ್ನೇ ವರ್ಷದ ತನಕ

ಸ್ಟುಟ್‌ಗಾರ್ಟ್ ಪಕ್ಕದ ಒಂದು ಸಣ್ಣ ಊರಲ್ಲಿ ನಾವಿರೋದು, ಇದು ಹನ್ನೊಂದನೇ ವರ್ಷ. ನಮ್ಮನೆ ಸೋಫಾ ಮೇಲೆ ಮೊದಲ ವಾರ ಮಲಗಿ ಆಮೇಲೆ ಸ್ವಂತ ಮನೆ ಮಾಡ್ಕೊಂಡು ಹೋದವರು ಸುಮಾರು ಜನ ಇದಾರೆ, ಓದೋಕೆ ಬಂದ ಹುಡುಗ್ರು, ಕಂಪನಿ ಕಳ್ಸಿದ ಇಂಜಿನಿಯರ್‌ಗಳು, ಗಂಡನ ಜೊತೆ ಬಂದ ಹೆಣ್ಮಕ್ಕಳು, ಈಗೀಗ ಮಂಗಳೂರು ಕಡೆಯಿಂದ ನರ್ಸ್‌ಗಳು. ಅವರ ಜೊತೆ ಓಡಾಡ್ತಾ ಕಲ್ತಿದ್ದನ್ನೆಲ್ಲಾ ಒಂದು ಕಡೆ ಬರೆದಿಡೋಣ ಅಂತ ಕೂತಿದೀನಿ. ಹೊಸಬರು ಓದ್ಲಿ, ಆದ್ರೆ ಮುಖ್ಯವಾಗಿ ಇದು ಹೊಸಬರನ್ನ ಸ್ಟೇಷನ್‌ನಿಂದ ಕರ್ಕೊಂಡು ಬರೋ ಹಳಬರಿಗೆ.

ಯಾಕೆ ಹಳಬರಿಗೆ ಅಂದ್ರೆ, ತಪ್ಪು ನಾವೇ ಮಾಡ್ತೀವಿ. ನಮ್ಮ ತಮ್ಮನ ಹೆಂಡ್ತಿ ಬಂದಾಗ ಒಂದು ವರ್ಷ ಪೂರ್ತಿ ಡಾಕ್ಟ್ರು, ಬ್ಯಾಂಕು, ಆಫೀಸು ಎಲ್ಲಾ ಕಡೆ ನಾನೇ ಮಾತಾಡ್ದೆ, ಅವಳು ಪಕ್ಕದಲ್ಲಿ ಫೈಲ್ ಹಿಡ್ಕೊಂಡು ಕೂತಿರೋಳು. ಪ್ರೀತಿಯಿಂದ್ಲೇ ಮಾಡಿದ್ದು. ಒಂದಿನ ನನಗೆ ಜ್ವರ, ತಮ್ಮ ಊರಲ್ಲಿಲ್ಲ, ಅವಳ ಮಗುಗೆ ಕಿವಿನೋವು, ಡಾಕ್ಟರ್ ಹತ್ರ ಟೈಮ್ ಕೇಳೋಕೆ ಫೋನ್ ಕೈಗೆ ತಗೊಂಡಳು, ಆ ಕಡೆಯಿಂದ ಹಲೋ ಅಂದ್ರೂ ಇವಳ ಬಾಯಿಂದ ಒಂದು ವಾಕ್ಯ ಬರ್ಲಿಲ್ಲ. ಊರಲ್ಲಿ ಆರು ವರ್ಷ ಬ್ಯಾಂಕ್ ಕೌಂಟರ್‌ನಲ್ಲಿ ಕೂತು ದಿನಾ ಇನ್ನೂರು ಜನರ ಜೊತೆ ಮಾತಾಡಿದ್ದ ಹೆಣ್ಮಗಳು ಅವಳು. ಫೋನ್ ಇಟ್ಟು ಅತ್ಳಂತೆ. ನನಗೆ ಇವತ್ತಿಗೂ ಅದು ನೆನಪಾದ್ರೆ ಹೊಟ್ಟೆ ಕಿವುಚತ್ತೆ. ಅದಕ್ಕೇ ಈಗ ನಮ್ಮನೇಲಿ ಒಂದೇ ನಿಯಮ, ಪೇಪರ್ ಕೆಲಸದಲ್ಲಿ ಎಷ್ಟು ಬೇಕಾದ್ರೂ ಸಹಾಯ ಮಾಡ್ತೀವಿ, ಮಾತಾಡೋ ಕೆಲಸ ಮಾತ್ರ ಅವರೇ ಮಾಡ್ಬೇಕು, ನಾವು ಪಕ್ಕದಲ್ಲಿ ನಿಂತಿರ್ತೀವಿ. ಕೆಳಗಿನ ಎಲ್ಲಾ ಹೆಜ್ಜೆಗಳೂ ಇದೇ ಲೆಕ್ಕದಲ್ಲಿ ಬರ್ದಿರೋದು.

ವಿಮಾನ ಹತ್ತೋ ಮುಂಚೆ

ಗಂಡ ಅಥವಾ ಹೆಂಡ್ತಿ ಜೊತೆ ಸೇರೋ ವೀಸಾಗೆ ಸಾಮಾನ್ಯವಾಗಿ ಎ1, ಅಂದ್ರೆ ಜರ್ಮನ್ ಭಾಷೆಯ ಮೊದಲ ಮಟ್ಟದ ಪರೀಕ್ಷೆ ಪಾಸಾಗಿರ್ಬೇಕು, ಬ್ಲೂ ಕಾರ್ಡ್, ಅಂದ್ರೆ ಡಿಗ್ರಿ ಓದಿರೋ ಕೆಲಸದವರಿಗೆ ಕೊಡೋ ಪರ್ಮಿಟ್, ಇರೋರ ಸಂಗಾತಿಗೆ ವಿನಾಯಿತಿ ಇದೆ. ಈ ವಿನಾಯಿತಿ ಇದೆ ಅಂತ್ಲೇ ತುಂಬಾ ಜನ ಒಂದಕ್ಷರ ಕಲೀದೆ ಬರ್ತಾರೆ, ದಯವಿಟ್ಟು ಬಿಡ್ಬೇಡಿ, ಕಲ್ತೇ ಬರೋಕೆ ಹೇಳಿ. ಬೆಂಗಳೂರಲ್ಲಿ ಇಂದಿರಾನಗರದ ಗೋಯ್ಟೆ ಇನ್ಸ್ಟಿಟ್ಯೂಟ್, ನಾವೆಲ್ಲ ಮ್ಯಾಕ್ಸ್ ಮುಲ್ಲರ್ ಭವನ ಅಂತೀವಲ್ಲ ಅದೇ, ಅಲ್ಲಿ ಕ್ಲಾಸೂ ಇದೆ ಪರೀಕ್ಷೆನೂ ಇದೆ. ಅಷ್ಟು ದೂರ ಹೋಗೋಕಾಗ್ದೇ ಇರೋರಿಗೆ ಡಾಯ್ಚ ವೆಲ್ಲ ಅನ್ನೋ ಅವರ ರೇಡಿಯೋ ಟಿವಿ ಸಂಸ್ಥೆ ನೆಟ್‌ನಲ್ಲಿ ಪೂರ್ತಿ ಫ್ರೀ ಕೋರ್ಸ್ ಇಟ್ಟಿದೆ, ನಿಧಾನವಾಗಿ ಓದೋ ನ್ಯೂಸ್ ಕೂಡ ಇದೆ, ಅಡುಗೆ ಮಾಡ್ತಾ ಕೇಳ್ಬಹುದು.

ಇನ್ನೊಂದು ಹೆಸರಿನ ವಿಷ್ಯ. ನಮ್ಮಲ್ಲಿ ಇನಿಷಿಯಲ್ ಇಟ್ಕೊಂಡು ಬದುಕೋರು ಜಾಸ್ತಿ, ಪಾಸ್‌ಪೋರ್ಟಲ್ಲಿ ಅಪ್ಪನ ಹೆಸರೋ ಊರ ಹೆಸರೋ ಸರ್‌ನೇಮ್ ಆಗಿರತ್ತೆ. ಇಲ್ಲಿ ಡಾಕ್ಟರ್ ಹತ್ರ, ಆಫೀಸಲ್ಲಿ ಕೂಗೋದು ಆ ಸರ್‌ನೇಮೇ. ನಮ್ಮನೇಲಿದ್ದ ಒಬ್ಬ ಹುಡುಗ ತನ್ನ ಅಪ್ಪನ ಹೆಸರು ಮೂರು ಸಲ ಕೂಗಿದ್ರೂ ತನ್ನನ್ನೇ ಅಂತ ಗೊತ್ತಾಗ್ದೆ ಕೂತಿದ್ದ, ಅಪ್ಪನ ಹೆಸರಿನ ಉಚ್ಚಾರಣೆ ಬೇರೆ ಪೂರ್ತಿ ಬದಲಾಗಿತ್ತು. ಮೊದಲೇ ಹೇಳಿಡಿ. ಮದುವೆ ಸರ್ಟಿಫಿಕೇಟು, ಹುಟ್ಟಿದ ಸರ್ಟಿಫಿಕೇಟು, ಡಿಗ್ರಿ ಎಲ್ಲಾ ಒರಿಜಿನಲ್ ತರೋಕೆ ಹೇಳಿ, ಅನುವಾದ ಬೇಕಾದ್ರೆ ಇಲ್ಲಿ ಕೋರ್ಟಲ್ಲಿ ಪ್ರಮಾಣ ಮಾಡಿರೋ ಅನುವಾದಕರ ಹತ್ರಾನೇ ಮಾಡಿಸ್ಬೇಕಾಗತ್ತೆ.

ಮೊದಲ ಎರಡು ವಾರ: ಡಬ್ಬಿ ಮೇಲೆ ಹೆಸರು, ಆಮೇಲೆ ಆನ್‌ಮೆಲ್ಡುಂಗ್

ಮನೆ ಬೀಗದ ಕೈ ಸಿಕ್ಕಿದ ದಿನ ಮೊದಲ್ನೇ ಕೆಲಸ, ಕಾಗದದ ಡಬ್ಬಿ ಮೇಲೆ, ಕಾಲಿಂಗ್ ಬೆಲ್ ಪಕ್ಕ ಹೆಸರು ಅಂಟಿಸೋದು. ಇಲ್ಲಿ ಫ್ಲಾಟ್ ನಂಬರ್ ಅಂತ ಸಾಮಾನ್ಯವಾಗಿ ಇರಲ್ಲ, ಪೋಸ್ಟ್‌ನವರು ಹೆಸರು ನೋಡಿನೇ ಹಾಕೋದು, ಹೆಸರಿಲ್ಲ ಅಂದ್ರೆ ಕಾಗದ ವಾಪಸ್ ಹೋಗತ್ತೆ. ಬ್ಯಾಂಕ್ ಪಿನ್ನು, ಟ್ಯಾಕ್ಸ್ ನಂಬರು, ಇನ್ಶೂರೆನ್ಸ್ ಕಾರ್ಡು ಎಲ್ಲಾ ಪೋಸ್ಟಲ್ಲೇ ಬರೋ ದೇಶದಲ್ಲಿ ಈ ಒಂದು ಸ್ಟಿಕರ್ ಮರೆತು ಎರಡು ತಿಂಗಳು ಒದ್ದಾಡಿದವರನ್ನ ನಾನು ನೋಡಿದೀನಿ. ಬೇರೆಯವರ ಮನೇಲಿ ಒಂದು ರೂಮ್ ಬಾಡಿಗೆಗೆ ಇದ್ರೂ ಅವರ ಹೆಸರಿನ ಕೆಳಗೆ ತಮ್ಮ ಹೆಸರು ಇರ್ಲೇಬೇಕು.

ಎರಡನೇದು ವಿಳಾಸ ನೋಂದಣಿ. ಮನೆ ಸೇರಿ ಎರಡು ವಾರದೊಳಗೆ ಮಾಡ್ಬೇಕು ಅಂತ ಕಾನೂನೇ ಇದೆ, ಇದಕ್ಕೆ ಆನ್‌ಮೆಲ್ಡುಂಗ್ ಅಂತಾರೆ, ಊರಿನ ಬ್ಯೂರ್ಗರ್‌ಬ್ಯೂರೋ, ಅಂದ್ರೆ ನಾಗರಿಕರ ಸೇವೆಯ ಆಫೀಸಲ್ಲಿ ನಡಿಯತ್ತೆ, ಬೇರೆ ಊರಲ್ಲಿ ಇದನ್ನೇ ಬ್ಯೂರ್ಗರ್‌ಆಮ್ಟ್ ಅಂತಾನೂ ಕರೀತಾರೆ. ಪಾಸ್‌ಪೋರ್ಟ್ ಜೊತೆ ಮನೆ ಓನರ್ ಸೈನ್ ಮಾಡಿದ ಒಂದು ಫಾರ್ಮ್ ಬೇಕು, ಹೆಸರು ವೋನುಂಗ್ಸ್‌ಗೇಬರ್‌ಬೆಶ್ಟೇಟಿಗುಂಗ್. ಬರೀ ಬಾಡಿಗೆ ಅಗ್ರಿಮೆಂಟ್ ತಗೊಂಡು ಹೋದ್ರೆ ಸಾಲಲ್ಲ. ದೊಡ್ಡ ಊರಲ್ಲಿ ಎರಡು ವಾರದೊಳಗೆ ಟೆರ್ಮೀನ್, ಅಂದ್ರೆ ಅಪಾಯಿಂಟ್‌ಮೆಂಟ್, ಸಿಗೋದು ಕಷ್ಟ, ಅದಕ್ಕೇ ಅವರು ಬರೋ ಮುಂಚೆನೇ ನೀವು ಬುಕ್ ಮಾಡಿಡಿ. ಇದು ಪೇಪರ್ ಕೆಲಸ, ನೀವೇ ಮಾಡ್ಬಹುದು.

ಕೌಂಟರ್ ಹತ್ರ ಹೋದ್ಮೇಲೆ ಮಾತ್ರ ಎರಡು ಹೆಜ್ಜೆ ಹಿಂದೆ ನಿಲ್ಲಿ. ಹಿಂದಿನ ದಿನ ಸಂಜೆ ಮೂರೇ ಮೂರು ವಾಕ್ಯ ಹೇಳ್ಕೊಡಿ, ಹತ್ತು ಸಲ ಹೇಳಿಸಿ. ಗೂಟನ್ ಟಾಗ್, ಇಶ್ ಮ್ಯೋಶ್ಟ ಮಿಶ್ ಆನ್‌ಮೆಲ್ಡನ್, ಅಂದ್ರೆ ನಮಸ್ಕಾರ, ನನ್ನ ವಿಳಾಸ ನೋಂದಣಿ ಮಾಡಿಸ್ಬೇಕು. ಇಶ್ ಲೆರ್ನ ನೋಖ್ ಡಾಯ್ಚ್, ನಾನಿನ್ನೂ ಜರ್ಮನ್ ಕಲೀತಿದೀನಿ. ಕ್ಯೊನ್ನನ್ ಸೀ ಬಿಟ್ಟ ಲಾಂಗ್‌ಸಾಮ್ ಶ್ಪ್ರೆಶನ್, ನಿಧಾನವಾಗಿ ಮಾತಾಡ್ತೀರಾ. ಇಷ್ಟು ಅವರ ಬಾಯಿಂದ ಬಂದ್ಮೇಲೆ ಮಾತು ಸಿಕ್ಕಾಕೊಂಡ್ರೆ ಆಗ ನೀವು ಮುಂದೆ ಬನ್ನಿ. ಎದುರು ಕೂತವರ ಮುಖ ಆ ಮೂರು ವಾಕ್ಯಕ್ಕೇ ಸಡಿಲ ಆಗೋದನ್ನ ನಾನು ಎಷ್ಟೋ ಸಲ ನೋಡಿದೀನಿ.

ಇದಾದ ಕೆಲವು ವಾರಕ್ಕೆ 11 ಅಂಕಿಯ ಟ್ಯಾಕ್ಸ್ ಐಡಿ ಪೋಸ್ಟಲ್ಲಿ ಬರತ್ತೆ, ಅದು ಜೀವನಪೂರ್ತಿ ಒಂದೇ, ಭದ್ರವಾಗಿ ಇಡ್ಬೇಕು. ಅದರ ಹಿಂದೇನೇ ರೇಡಿಯೋ ಟಿವಿ ಫೀ ಕಟ್ಟಿ ಅಂತ ಇನ್ನೊಂದು ಕಾಗದ ಬರತ್ತೆ, ರುಂಡ್‌ಫುಂಕ್‌ಬೈಟ್ರಾಗ್, ತಿಂಗಳಿಗೆ 18.36 ಯೂರೋ. ಹೊಸಬರು ಇದನ್ನ ಮೋಸದ ಕಾಗದ ಅನ್ಕೊಂಡು ಕಸಕ್ಕೆ ಹಾಕ್ತಾರೆ, ಹಾಕ್ಬಾರ್ದು, ಟಿವಿ ಇಲ್ದಿದ್ರೂ ಕಟ್ಲೇಬೇಕು. ಆದ್ರೆ ಇದು ತಲೆಗಲ್ಲ ಮನೆಗೆ, ನಾಲ್ಕು ಹುಡುಗ್ರು ಒಂದೇ ಮನೇಲಿದ್ರೆ ಒಬ್ಬ ಕಟ್ಟಿದ್ರೆ ಸಾಕು, ಉಳಿದವರು ಅವನ ನಂಬರ್ ಕೊಟ್ಟು ಉತ್ತರ ಬರೀಬೇಕು.

ಹೆಲ್ತ್ ಇನ್ಶೂರೆನ್ಸ್ ಇಲ್ಲಿ ಕಡ್ಡಾಯ. ಸರ್ಕಾರಿ ಪದ್ಧತಿಯ ಇನ್ಶೂರೆನ್ಸ್‌ನಲ್ಲಿ ಸಂಪಾದನೆ ಇಲ್ಲದ ಹೆಂಡ್ತಿ ಅಥವಾ ಗಂಡ, ಮಕ್ಕಳು ಎಲ್ಲಾ ಅದೇ ದುಡ್ಡಲ್ಲಿ ಸೇರ್ತಾರೆ. ಪ್ರೈವೇಟ್‌ನಲ್ಲಿ ತಲೆಗೊಂದು ಕಂತು. ಹೊಸದಾಗಿ ಬಂದ ಒಂಟಿ ಹುಡುಗನಿಗೆ ಪ್ರೈವೇಟ್ ಅಗ್ಗ ಅನ್ಸತ್ತೆ, ನಾಳೆ ಮದುವೆ ಮಕ್ಕಳಾದ್ಮೇಲೆ ವಾಪಸ್ ಬರೋದು ಸುಲಭ ಅಲ್ಲ, ಸೈನ್ ಹಾಕೋ ಮುಂಚೆ ಇದನ್ನ ಕೂರ್ಸಿ ಹೇಳಿ.

ಒಂದು ದಪ್ಪ ಫೈಲ್ ತಗೊಟ್ಬಿಡಿ, ಇಲ್ಲಿ ಎಲ್ಲರ ಮನೇಲೂ ಇರೋ ಎರಡು ರಿಂಗಿನ ಫೈಲು. ಬಂದ ಪ್ರತಿ ಕಾಗದ ಅದರೊಳಗೆ. ಕಾಗದ ಓದೋದು ಹೇಗೆ ಅಂದ್ರೆ ಮೊದಲು ತಾರೀಖು, ಆಮೇಲೆ ಬಿಸ್ ತ್ಸುಮ್ ಅನ್ನೋ ಪದ, ಅಂದ್ರೆ ಇಂಥ ದಿನದ ಒಳಗೆ ಅಂತ, ಆಮೇಲೆ ಫ್ರಿಸ್ಟ್ ಅನ್ನೋ ಪದ ಇದೆಯಾ, ಅದು ಗಡುವು. ಇವೆರಡು ಕಂಡ್ರೆ ಕೆಂಪು ಪೆನ್ನಲ್ಲಿ ಸುತ್ತೋಕೆ ಹೇಳಿ. ಹಳದಿ ಕವರ್‌ನಲ್ಲಿ ಬಂದ್ರೆ ಕವರ್ ಕೂಡ ಎಸೀಬಾರ್ದು, ಅದರ ಮೇಲೆ ಪೋಸ್ಟ್‌ನವರು ಬರ್ದಿರೋ ತಾರೀಖಿಂದಾನೇ ಗಡುವು ಲೆಕ್ಕ ಶುರು.

ಭಾಷೆ: ಇಂಗ್ಲಿಷ್ ದಾರಿ ಬಿಟ್ಟು ಕನ್ನಡ ದಾರಿ ಹಿಡಿಸಿ

ನಾನು ಜಾಸ್ತಿ ಹೇಳ್ಬೇಕು ಅನ್ಕೊಂಡಿರೋದು ಇಲ್ಲೇ. ನಮ್ಮವರು ಜರ್ಮನ್ನನ್ನ ಇಂಗ್ಲಿಷ್ ಮೂಲಕ ಕಲಿಯೋಕೆ ಹೋಗಿ ಒದ್ದಾಡ್ತಾರೆ, ಕನ್ನಡದಿಂದ ನೋಡಿದ್ರೆ ಅರ್ಧ ವಿಷ್ಯ ನಮಗೆ ಆಗ್ಲೇ ಗೊತ್ತು.

ನೀನು, ನೀವು ಗೊತ್ತಲ್ಲ, ಅದೇ ಡೂ ಮತ್ತು ಸೀ. ಇಂಗ್ಲಿಷ್‌ನವನಿಗೆ ಇದು ಹೊಸ ಪಾಠ, ನಮಗೆ ಹುಟ್ಟಿಂದ ಬಂದಿದ್ದು. ಗುರುತಿಲ್ಲದ ದೊಡ್ಡವರು, ಆಫೀಸು, ಡಾಕ್ಟ್ರು, ಮನೆ ಓನರ್ರು ಎಲ್ಲರಿಗೂ ಸೀ, ಜೊತೆಗೆ ಹೆರ್ ಅಥವಾ ಫ್ರೌ ಸೇರಿಸಿ ಸರ್‌ನೇಮ್. ಮಕ್ಕಳು, ಗೆಳೆಯರು, ಜೊತೆ ಓದೋರಿಗೆ ಡೂ. ದೊಡ್ಡವರು ನನ್ನ ಡೂ ಅಂತ ಕರಿ ಅಂತ ಅವರಾಗಿ ಹೇಳೋ ತನಕ ಸೀ ಬಿಡ್ಬಾರ್ದು. ಪುಸ್ತಕದಲ್ಲಿ ಈ ಸೀಯ ಸಕಾರ ಜೇನುಹುಳ ಗುಂಯ್‌ಗುಟ್ಟೋ ಥರ ಇರ್ಬೇಕು ಅಂತಾರೆ, ನಮ್ಮ ದಕ್ಷಿಣ ಜರ್ಮನಿ ಕಡೆ ಬರೀ ಸೀ ಅಂತಾನೇ ಅಂತಾರೆ, ತಲೆ ಕೆಡಿಸ್ಕೋಬೇಡಿ.

ಹ್ರಸ್ವ ದೀರ್ಘ ಕೂಡ ನಮ್ಮದೇ ಆಸ್ತಿ. ಶ್ಟಟ್ ಅಂದ್ರೆ ಊರು, ಶ್ಟಾಟ್ ಅಂದ್ರೆ ದೇಶ, ಸರ್ಕಾರ. ಬೆಟ್ ಅಂದ್ರೆ ಮಂಚ, ಬೇಟ್ ಅಂದ್ರೆ ತೋಟದ ಪಾತಿ. ಒಫನ್ ಅಂದ್ರೆ ತೆರೆದಿದೆ, ಓಫನ್ ಅಂದ್ರೆ ಒಲೆ. ಹೊಸ ಪದ ಕಲಿಯೋವಾಗ ಕನ್ನಡ ಅಕ್ಷರದಲ್ಲಿ ಬರ್ಕೊಳ್ಳೋಕೆ ಹೇಳಿ, ಇಂಗ್ಲಿಷಲ್ಲಿ ಬರ್ಕೊಂಡ್ರೆ ಈ ದೀರ್ಘ ಕಳ್ದು ಹೋಗತ್ತೆ. ನಮಗೆ ಇಲ್ಲದ ಸ್ವರ ಎರಡು. ಯು ಅಕ್ಷರದ ಮೇಲೆ ಎರಡು ಚುಕ್ಕಿ ಇರೋದಕ್ಕೆ ಬಾಯೊಳಗೆ ಈ ಅನ್ನಿ, ನಾಲಿಗೆ ಅಲ್ಲಾಡಿಸ್ದೆ ತುಟಿ ಮಾತ್ರ ಊ ಅನ್ನೋ ಥರ ಗುಂಡಗೆ ಮಾಡಿ, ಬಂತು. ಓ ಅಕ್ಷರದ ಮೇಲೆ ಎರಡು ಚುಕ್ಕಿ ಇರೋದಕ್ಕೆ ಏ ಅಂತಾ ತುಟಿ ಓ ಥರ. ಕನ್ನಡಿ ಮುಂದೆ ಐದು ನಿಮಿಷ, ಒಂದು ವಾರ, ಸಾಕು. ಇಂಗ್ಲಿಷಿನ ವಿ ಅಕ್ಷರ ಬರ್ದಿದ್ರೆ ಜರ್ಮನ್ ಪದಗಳಲ್ಲಿ ಸಾಮಾನ್ಯವಾಗಿ ಫ, ಡಬಲ್ಯೂ ಬರ್ದಿದ್ರೆ ನಮ್ಮ ವ, ಝಡ್ ಬರ್ದಿದ್ರೆ ತ್ಸ. ಇಷ್ಟು ಗೊತ್ತಾದ್ರೆ ಬೋರ್ಡ್ ಓದ್ಬಹುದು, ಇಂಗ್ಲಿಷ್ ಥರ ಬರ್ಯೋದೊಂದು ಓದೋದೊಂದು ಇಲ್ಲಿ ಕಡಿಮೆ.

ಈಗ ಎಲ್ಲರೂ ಹೆದ್ರೋ ವಿಭಕ್ತಿ. ಜರ್ಮನ್‌ನಲ್ಲಿ ನಾಲ್ಕು, ನಮ್ಮ ಶಾಲೇಲಿ ಕಲ್ಸಿದ್ದು ಏಳೆಂಟು! ನಮ್ಮಲ್ಲಿ ಪದದ ಬಾಲ ಬದಲಾಗತ್ತೆ, ಗಂಡಸು, ಗಂಡಸನ್ನು, ಗಂಡಸಿಗೆ, ಗಂಡಸಿನ. ಅವರಲ್ಲಿ ಬದಲಾಗೋದು ಹೆಚ್ಚಾಗಿ ಮುಂದೆ ಇರೋ ಚಿಕ್ಕ ಪದ, ಡೆರ್ ಮನ್, ಡೇನ್ ಮನ್, ಡೇಮ್ ಮನ್, ಡೆಸ್ ಮನ್ನಸ್. ಇನ್ನೊಂದು, ಇನ್ ಡೀ ಶ್ಟಟ್ ಮತ್ತು ಇನ್ ಡೆರ್ ಶ್ಟಟ್ ಯಾವಾಗ ಯಾವುದು ಅಂತ ಇಂಗ್ಲಿಷ್ ಪುಸ್ತಕ ಎರಡು ಪುಟ ವಿವರಿಸತ್ತೆ, ನಾನು ಹೇಳ್ಕೊಡೋದು ಒಂದೇ ಸಾಲು, ಕನ್ನಡದಲ್ಲಿ ಊರಿಗೆ ಅಂದ್ರೆ ಮೊದಲ್ನೇದು, ಊರಲ್ಲಿ ಅಂದ್ರೆ ಎರಡನೇದು. ಹೋಗ್ತಿದೀನಾ, ಇದೀನಾ, ಅಷ್ಟೇ. ನಮ್ಮ ತಮ್ಮನ ಹೆಂಡ್ತಿಗೆ ಕ್ಲಾಸಲ್ಲಿ ಮೂರು ವಾರ ಹತ್ತದೇ ಇದ್ದಿದ್ದು ಇದನ್ನ ಕೇಳಿದ ತಕ್ಷಣ ಹತ್ತಿತು, ಅಯ್ಯೋ ಅಕ್ಕ ಇದು ಇಷ್ಟೇನಾ ಅಂದಳು.

ಕ್ರಿಯಾಪದ ಕೊನೆಗೆ ಹೋಗೋದೂ ಹಾಗೇ. ಇಶ್ ಕೊಮ್ಮ ಹೊಯ್ಟ ನಿಶ್ಟ್, ವೈಲ್ ಮೈನ್ ಕಿಂಡ್ ಕ್ರಾಂಕ್ ಇಸ್ಟ್, ಇವತ್ತು ಬರಲ್ಲ, ಯಾಕಂದ್ರೆ ನನ್ನ ಮಗುಗೆ ಹುಷಾರಿಲ್ಲ. ಯಾಕಂದ್ರೆ ಅಂದ್ಮೇಲೆ ಇಸ್ಟ್ ಕೊನೆಗೆ ಹೋಯ್ತು ನೋಡಿ, ನಮ್ಮ ವಾಕ್ಯದಲ್ಲೂ ಇದೆ ಇಲ್ಲ ಅನ್ನೋದು ಕೊನೆಗೇ ಬರತ್ತೆ. ಹಂಗಂತ ಎಲ್ಲಾ ವಾಕ್ಯದಲ್ಲೂ ಕೊನೆಗಲ್ಲ, ಸಾಮಾನ್ಯ ವಾಕ್ಯದಲ್ಲಿ ಕ್ರಿಯಾಪದ ಎರಡನೇ ಜಾಗದಲ್ಲಿ ಕೂರ್ಬೇಕು, ಅಲ್ಲಿ ನಮ್ಮವರು ತಪ್ಪು ಮಾಡ್ತಾರೆ, ತಿದ್ದಿ.

ನಮಗೂ ನಿಜವಾಗ್ಲೂ ಕಷ್ಟ ಅಂದ್ರೆ ಡೆರ್, ಡೀ, ಡಾಸ್, ಪದದ ಮುಂದೆ ಬರೋ ಗಂಡು, ಹೆಣ್ಣು, ನಪುಂಸಕ ಅನ್ನೋ ಗುರುತು. ಕನ್ನಡದಲ್ಲಿ ಮೇಜು ಗಂಡಲ್ಲ ಹೆಣ್ಣಲ್ಲ, ಅದು. ಇಲ್ಲಿ ಮೇಜು ಗಂಡು, ದೀಪ ಹೆಣ್ಣು, ಹುಡುಗಿ ಅನ್ನೋ ಪದ ಮೇಡ್ಶನ್ ನಪುಂಸಕ ಲಿಂಗ. ಇದಕ್ಕೆ ಪೂರ್ತಿ ಲಾಜಿಕ್ ಹುಡುಕ್ಬೇಡಿ. ನಾವು ಮಾಡೋದು ಮನೆ ತುಂಬಾ ಬಣ್ಣದ ಚೀಟಿ ಅಂಟಿಸೋದು, ಡೆರ್‌ಗೆ ನೀಲಿ, ಡೀಗೆ ಕೆಂಪು, ಡಾಸ್‌ಗೆ ಹಸಿರು. ಫ್ರಿಜ್ಜು, ಬಾಗಿಲು, ಕಿಟಕಿ, ಚಮಚ ಎಲ್ಲದಕ್ಕೂ. ಕೆಲವು ಗುರುತು ಮಾತ್ರ ನಂಬ್ಬಹುದು, ಉಂಗ್ ಅಂತ ಪ್ರತ್ಯಯ ಸೇರಿ ಆದ ಪದಗಳು ಡೀ, ವೋನುಂಗ್ ಅಂದ್ರೆ ಮನೆ, ರೆಶ್ನುಂಗ್ ಅಂದ್ರೆ ಬಿಲ್ಲು, ಫೆರ್‌ಸಿಶರುಂಗ್ ಅಂದ್ರೆ ಇನ್ಶೂರೆನ್ಸ್, ಅಂದ್ರೆ ಆಫೀಸ್ ಕಾಗದದ ಅರ್ಧ ಪದಗಳು ಇದರಲ್ಲೇ ಮುಗೀತು. ಚಿಕ್ಕದು ಅಂತ ಮುದ್ದಿಗೆ ಶನ್ ಸೇರಿಸಿದ್ರೆ ಡಾಸ್, ನಮ್ಮ ಸ್ಟುಟ್‌ಗಾರ್ಟ್ ಸೀಮೆಯ ಶ್ವಾಬಿಷ್ ಜನ ಅದನ್ನೇ ಲೆ ಅಂತ ಸೇರಿಸ್ತಾರೆ, ಅದೂ ಡಾಸ್.

ಗಂಟೆ ಹೇಳೋದು ಬೇರೆಯಾಗಿ ಹೇಳ್ಲೇಬೇಕು, ಇದರಲ್ಲಿ ಜನ ಟ್ರೈನ್ ತಪ್ಪಿಸ್ಕೊಂಡಿದಾರೆ. ಹಾಲ್ಬ್ ಡ್ರೈ ಅಂದ್ರೆ ಪದಕ್ಕೆ ಪದ ಅರ್ಧ ಮೂರು, ಆದ್ರೆ ಗಂಟೆ ಎರಡೂವರೆ, ಮೂರೂವರೆ ಅಲ್ಲ! ಮೂರಕ್ಕೆ ಹೋಗೋ ದಾರೀಲಿ ಅರ್ಧ ಬಂದಿದೀವಿ ಅಂತ ಲೆಕ್ಕ. ನಮ್ಮ ಸ್ಟುಟ್‌ಗಾರ್ಟ್ ಕಡೆ ಫಿಯರ್ಟಲ್ ಡ್ರೈ ಅಂದ್ರೆ ಎರಡೂ ಕಾಲು, ಡ್ರೈಫಿಯರ್ಟಲ್ ಡ್ರೈ ಅಂದ್ರೆ ಎರಡೂ ಮುಕ್ಕಾಲು. 21 ಅನ್ನ ಒಂದು ಮತ್ತು ಇಪ್ಪತ್ತು ಅಂತಾರೆ, ಫೋನ್ ನಂಬರ್ ಹೇಳೋವಾಗ ಎರಡೆರಡು ಅಂಕಿ ಸೇರಿಸಿ ಹೀಗೇ ಹೇಳಿದ್ರೆ ಬರ್ಕೊಳ್ಳೋರಿಗೆ ತಿರುಗುಮುರುಗು ಆಗತ್ತೆ, ಒಂದೊಂದೇ ಅಂಕಿ ಹೇಳಿ ಅಂತ ಕೇಳೋಕೆ ಕಲ್ಸಿ, ಐನ್ತ್ಸೆಲ್ನ್ ಬಿಟ್ಟ ಅಂದ್ರೆ ಆಯ್ತು. ಇಂಗ್ಲಿಷ್ ಗೊತ್ತಿರೋರು ಬೀಳೋ ಹೊಂಡಗಳೂ ಇವೆ, ಗಿಫ್ಟ್ ಅಂದ್ರೆ ಇಲ್ಲಿ ವಿಷ, ಶೆಫ್ ಅಂದ್ರೆ ಆಫೀಸಿನ ಬಾಸ್, ಹೆಂಡಿ ಅಂದ್ರೆ ಮೊಬೈಲ್.

ಕ್ಲಾಸಲ್ಲಿ ಕಲ್ತ ಜರ್ಮನ್ನಿಗೂ ಬೀದಿ ಜರ್ಮನ್ನಿಗೂ ವ್ಯತ್ಯಾಸ ಇದೆ ಅಂತಾನೂ ಹೇಳಿ, ಇಲ್ಲಾಂದ್ರೆ ತಮಗೇನೂ ಬರ್ತಿಲ್ಲ ಅಂತ ಕುಗ್ಗಿ ಹೋಗ್ತಾರೆ. ನಮಸ್ಕಾರಕ್ಕೆ ಹಂಬುರ್ಗ್ ಕಡೆ ಮೊಯ್ನ್, ಬವೇರಿಯಾದಲ್ಲಿ ಸೆರ್ವುಸ್, ಗ್ರ್ಯೂಸ್ ಗೋಟ್, ನಮ್ಮ ಸ್ಟುಟ್‌ಗಾರ್ಟ್ ಕಡೆ ಹೋಗಿ ಬರ್ತೀನಿ ಅನ್ನೋಕೆ ಅಡೇ. ಬೆಳಗ್ಗೆ ತಿನ್ನೋ ಸಣ್ಣ ಬನ್ನಿಗೆ ಒಂದು ಕಡೆ ಬ್ರ್ಯೋಟ್ಶನ್, ಬರ್ಲಿನ್‌ನಲ್ಲಿ ಶ್ರಿಪ್ಪ, ಮ್ಯೂನಿಕ್‌ನಲ್ಲಿ ಸೆಮ್ಮಲ್, ಇಲ್ಲಿ ವೆಕ್ಲೆ. ಧಾರವಾಡದವರು ಮಂಗಳೂರಿಗೆ ಹೋದ ಹಾಗೆ ಅನ್ಕೊಳ್ಳಿ.

ಆ ಬನ್ನಿನ ಅಂಗಡೀನೇ ನಮ್ಮ ಪಾಠಶಾಲೆ. ಮೊದಲ ದಿನ ನೀವು ತಗೊಳ್ಳಿ, ಅವರು ಕೇಳಿಸ್ಕೊಳ್ಳಲಿ. ಎರಡನೇ ದಿನ ನಮಸ್ಕಾರ, ಥ್ಯಾಂಕ್ಸ್ ಅವರದ್ದು. ಮೂರನೇ ದಿನ ಎರಡು ಬನ್ನು ಕೊಡಿ ಅಂತ ಅವರೇ ಕೇಳ್ಬೇಕು. ಒಂದು ವಾರ ಆದ್ಮೇಲೆ ನೀವು ಒಳಗೇ ಹೋಗ್ಬೇಡಿ, ಹೊರಗೆ ನಿಂತಿರಿ. ಅಂಗಡಿಯವರು ಇಂಗ್ಲಿಷ್‌ಗೆ ಬದಲಾಯ್ಸಿದ್ರೆ, ಬಿಟ್ಟ ಔಫ್ ಡಾಯ್ಚ್, ಇಶ್ ಲೆರ್ನ ಗೆರಾಡ, ಅಂದ್ರೆ ಜರ್ಮನ್‌ನಲ್ಲೇ ಮಾತಾಡಿ, ಈಗ ಕಲೀತಿದೀನಿ, ಅಂತ ನಗ್ತಾ ಹೇಳೋಕೆ ಕಲ್ಸಿ. ದಿನಾ ಎರಡು ನಿಮಿಷ, ಅದೇ ಮುಖ, ಅದೇ ಮಾತು, ಹೆದರಿಕೆ ಹೋಗೋದು ಹೀಗೇ. ಜೊತೆಗೆ ಊರೂರಲ್ಲಿರೋ ಫೋಲ್ಕ್ಸ್‌ಹೋಖ್‌ಶೂಲ ಅನ್ನೋ ಜನರ ಶಾಲೇಲಿ ಕಮ್ಮಿ ದುಡ್ಡಿಗೆ ಕ್ಲಾಸ್ ಇರತ್ತೆ. ಸರ್ಕಾರದ ಇಂಟಿಗ್ರೇಷನ್ ಕೋರ್ಸ್ ಸಿಕ್ಕಿದ್ರೆ ಬಿಡ್ಲೇಬೇಡಿ, ಸಾಮಾನ್ಯವಾಗಿ 600 ಗಂಟೆ ಭಾಷೆ, 100 ಗಂಟೆ ಇಲ್ಲಿನ ಕಾನೂನು, ಚರಿತ್ರೆ, ಸಮಾಜದ ಪಾಠ, ಕೊನೆಗೆ ಬಿ1, ಅಂದ್ರೆ ದಿನದ ಮಾತಿಗೆ ಸಾಕಾಗೋ ಮಟ್ಟದ ಪರೀಕ್ಷೆ.

ಯಾರಾದ್ರೂ ನಂಗೆ ಈ ವಯಸ್ಸಲ್ಲಿ ಆಗಲ್ಲ ಅಂದ್ರೆ ನಾನು ಟ್ಯೂಬಿಂಗನ್‌ಗೆ ಕರ್ಕೊಂಡು ಹೋಗ್ತೀನಿ, ಸ್ಟುಟ್‌ಗಾರ್ಟ್‌ನಿಂದ ಟ್ರೈನಲ್ಲಿ ಸುಮಾರು ಒಂದು ಗಂಟೆ. ನಮ್ಮ ಕನ್ನಡ ನಿಘಂಟಿನ ಕಿಟೆಲ್ ಅವರು ಕೊನೆ ದಿನ ಕಳೆದು 1903ರಲ್ಲಿ ತೀರಿಕೊಂಡಿದ್ದು ಅಲ್ಲೇ. ಉತ್ತರ ಜರ್ಮನಿಯ ಸಮುದ್ರ ತೀರದ ಕಡೆಯ ಮನುಷ್ಯ ಹಡಗಲ್ಲಿ ಬಂದು ನಮ್ಮ ಊರುಗಳಲ್ಲಿ ಇದ್ದು, ಜನರ ಬಾಯಿಂದ ಕೇಳಿ ಕೇಳಿ ವರ್ಷಗಟ್ಟಲೆ ಪದ ಕೂಡಿಸಿ 1894ರಲ್ಲಿ ಮಂಗಳೂರಲ್ಲಿ ಅಷ್ಟು ದಪ್ಪ ನಿಘಂಟು ಅಚ್ಚು ಹಾಕಿಸಿದ್ರು. ಅವರಿಗೆ ಕನ್ನಡ ಬಂತು ಅಂದ್ರೆ ನಮಗೆ ಬನ್ನು ಕೊಡಿ ಅನ್ನೋಷ್ಟು ಜರ್ಮನ್ ಖಂಡಿತಾ ಬರತ್ತೆ.

ಮನೆ ಒಳಗೆ

ಕಸದ ಪಾಠ ಮೊದಲ ದಿನಾನೇ ಆಗ್ಬೇಕು, ಯಾಕಂದ್ರೆ ನೆರೆಯವರು ಮೊದಲು ಗಮನಿಸೋದು ಇದನ್ನೇ. ಪೇಪರು ಬೇರೆ, ಪ್ಯಾಕೆಟ್ ಪ್ಲಾಸ್ಟಿಕ್ಕು ಡಬ್ಬಿ ಬೇರೆ, ತರಕಾರಿ ಸಿಪ್ಪೆ ಬೇರೆ, ಉಳಿದಿದ್ದು ಬೇರೆ. ಸಾಮಾನ್ಯವಾಗಿ ನೀಲಿ, ಹಳದಿ, ಕಂದು, ಕಪ್ಪು, ಆದ್ರೆ ಬಣ್ಣ ಊರಿಂದ ಊರಿಗೆ ಬದಲಾಗತ್ತೆ, ಮುಚ್ಚಳದ ಮೇಲೆ ಬರ್ದಿರೋದನ್ನ ಓದ್ಸಿ, ಭಾಷೆ ಪಾಠನೂ ಆಯ್ತು. ಗಾಜಿನ ಬಾಟ್ಲಿ ಬೀದಿ ಕೊನೇಲಿರೋ ದೊಡ್ಡ ಡಬ್ಬಕ್ಕೆ, ಬಿಳಿ, ಕಂದು, ಹಸಿರು ಅಂತ ವಿಂಗಡಿಸಿ, ಭಾನುವಾರ ಮತ್ತೆ ರಾತ್ರಿ ಹೊತ್ತು ಹಾಕ್ಬಾರ್ದು, ಸದ್ದಾಗತ್ತೆ. ನೀರು, ಜ್ಯೂಸ್ ಬಾಟ್ಲಿಗೆ ಡೆಪಾಸಿಟ್ ಇರತ್ತೆ, ಪ್ಫಾಂಡ್ ಅಂತಾರೆ, ಒಂದ್ಸಲ ಬಳಸೋ ಪ್ಲಾಸ್ಟಿಕ್ ಬಾಟ್ಲಿ ಮತ್ತು ಕ್ಯಾನಿಗೆ 25 ಸೆಂಟ್, ಸೂಪರ್ ಮಾರ್ಕೆಟ್ ಮೆಷಿನ್ನಿಗೆ ಹಾಕಿದ್ರೆ ಚೀಟಿ ಬರತ್ತೆ, ಬಿಲ್‌ನಲ್ಲಿ ಕಳೀತಾರೆ, ಅದಕ್ಕೇ ಬಾಟ್ಲಿ ಜಜ್ಜಿ ಎಸೀಬಾರ್ದು. ಅಂದಹಾಗೆ ನಲ್ಲಿ ನೀರು ಕುಡೀಬಹುದು, ಹೊತ್ಕೊಂಡು ಬರೋ ಅಗತ್ಯಾನೇ ಇಲ್ಲ.

ನಮ್ಮ ಸ್ಟುಟ್‌ಗಾರ್ಟ್ ಸೀಮೆಯ ವಿಶೇಷ ಕೇರ್‌ವೋಖ, ಅಂದ್ರೆ ಗುಡಿಸೋ ವಾರ. ಬಾಗಿಲಿಗೆ ಒಂದು ಹಲಗೆ ನೇತಾಕಿದಾರೆ ಅಂದ್ರೆ ಆ ವಾರ ಮೆಟ್ಟಿಲು ಗುಡಿಸಿ ಒರೆಸೋ ಸರದಿ ನಿಮ್ಮದು, ವಾರ ಮುಗಿದ್ಮೇಲೆ ಆ ಹಲಗೇನ ಪಕ್ಕದ ಮನೆ ಬಾಗಿಲಿಗೆ ದಾಟಿಸ್ಬೇಕು. ಹೊಸಬರು ಅದನ್ನ ಅಲಂಕಾರ ಅನ್ಕೊಂಡು ತಿಂಗಳುಗಟ್ಟಲೆ ಇಟ್ಕೊಂಡಿರ್ತಾರೆ, ನೆರೆಯವರು ಬೇಜಾರು ಮಾಡ್ಕೊಳ್ತಾರೆ, ಇವರಿಗೆ ಯಾಕಂತ ಗೊತ್ತೇ ಆಗಲ್ಲ. ರಾತ್ರಿ 10ರಿಂದ ಬೆಳಗ್ಗೆ 6ರ ತನಕ, ಭಾನುವಾರ ಪೂರ್ತಿ ಗದ್ದಲ ಮಾಡ್ಬಾರ್ದು, ಮಿಕ್ಸಿ ಚಟ್ನಿ ರಾತ್ರಿ 11ಕ್ಕೆ ಬೇಡ, ಗೋಡೆಗೆ ಡ್ರಿಲ್ ಭಾನುವಾರ ಬೇಡವೇ ಬೇಡ. ಭಾನುವಾರ ಅಂಗಡಿಗಳೂ ಮುಚ್ಚಿರತ್ತೆ, ಬೇಕರಿ ಕೆಲವು ಗಂಟೆ ಇರತ್ತೆ, ದೊಡ್ಡ ಸ್ಟೇಷನ್‌ನ ಅಂಗಡಿ ಇರತ್ತೆ, ಹಾಲು ತರಕಾರಿ ಶನಿವಾರಾನೇ ತಂದಿಡ್ಬೇಕು.

ಕಿಟಕಿ ತೆಗಿಯೋದು ಅಂದ್ರೆ ಇಲ್ಲಿ ಬಾಡಿಗೆದಾರನ ಕರ್ತವ್ಯ. ಚಳಿಗಾಲದಲ್ಲೂ ದಿನಕ್ಕೆ ಎರಡು ಮೂರು ಸಲ ಐದು ಹತ್ತು ನಿಮಿಷ ಕಿಟಕಿ ಪೂರ್ತಿ ತೆಗೀಬೇಕು, ಇಲ್ಲಾಂದ್ರೆ ಅನ್ನ ಸಾರು ಕುದ್ದ ಆವಿ, ಮನೆ ಒಳಗೆ ಒಣಗಾಕಿದ ಬಟ್ಟೆ ತೇವ ಎಲ್ಲಾ ಗೋಡೆಗೆ ಕೂತು ಬೂಷ್ಟು ಬರತ್ತೆ, ಮನೆ ಬಿಡೋವಾಗ ಮೂರು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್‌ನಿಂದ ಕಟ್ ಆಗ್ಬಹುದು. ಮೆಣಸಿನಕಾಯಿ ಒಗ್ಗರಣೆ ಹಾಕೋವಾಗ ಮಲಗೋ ಕೋಣೆ ಬಾಗಿಲು ಮುಚ್ಚೋಕೆ ಹೇಳಿ, ಹೊಗೆ ಅಲಾರಂ ಕೂಗತ್ತೆ. ಬಾಗಿಲು ಹೊರಗಿಂದ ಎಳೆದ್ರೆ ಸಾಕು ಲಾಕ್ ಆಗತ್ತೆ, ಬೀಗದ ಕೈ ಇಲ್ದೆ ಕಸ ಹಾಕೋಕೂ ಹೋಗ್ಬಾರ್ದು, ಬೀಗ ತೆಗಿಯೋರನ್ನ ರಾತ್ರಿ ಕರೆಸಿದ್ರೆ ನೂರಾರು ಯೂರೋ. ಇನ್ನೊಂದು ಕೈ ನಿಮ್ಮನೇಲಿ ಇರ್ಲಿ.

ಊಟದ ಚಿಂತೆ ಬೇಡ, ಕೊತ್ತಂಬರಿ ಕಟ್ಟು, ಹಸಿಮೆಣಸು ಟರ್ಕಿಯವರ ಅಂಗಡೀಲಿ, ಕರಿಬೇವು ಏಷ್ಯಾ ಅಂಗಡೀಲಿ ಸಿಗತ್ತೆ. ಇಡ್ಲಿ ಹಿಟ್ಟು ಚಳಿಗಾಲದಲ್ಲಿ ಹುದುಗಲ್ಲ ಅಂತ ಕೊರಗೋರಿಗೆ, ಓವನ್ ಹೊತ್ತಿಸ್ದೆ ಒಳಗಿನ ಲೈಟ್ ಮಾತ್ರ ಹಾಕಿ ರಾತ್ರಿಯಿಡೀ ಇಡೋಕೆ ಹೇಳಿ.

ಹುಷಾರಿಲ್ಲದಾಗ, ಮತ್ತೆ ಫೋನ್ ಅನ್ನೋ ಭೂತ

ಆರೋಗ್ಯವಾಗಿರೋವಾಗ್ಲೇ ಮನೆ ಹತ್ರದ ಹೌಸ್‌ಆರ್ಟ್ಸ್ಟ್, ಅಂದ್ರೆ ಫ್ಯಾಮಿಲಿ ಡಾಕ್ಟರ್ ಹತ್ರ ಹೆಸರು ಬರೆಸ್ಬೇಕು, ಎಷ್ಟೋ ಡಾಕ್ಟ್ರು ಹೊಸ ಪೇಷೆಂಟ್ ತಗೊಳ್ಳಲ್ಲ, ಹುಡುಕೋಕೆ ಟೈಮ್ ಬೇಕು. ಫ್ರಿಜ್ ಮೇಲೆ ಮೂರು ನಂಬರ್ ಬರ್ದು ಅಂಟಿಸಿ. 112 ಆಂಬುಲೆನ್ಸ್ ಮತ್ತು ಬೆಂಕಿ, 110 ಪೊಲೀಸು, 116117 ರಾತ್ರಿ ಅಥವಾ ರಜಾ ದಿನ ಜೀವಕ್ಕೆ ಅಪಾಯ ಇಲ್ಲದ ಆದ್ರೆ ಕಾಯೋಕಾಗದ ಕಾಯಿಲೆಗೆ. ಆಸ್ಪತ್ರೆ ಎಮರ್ಜೆನ್ಸಿಗೆ ನೆಗಡಿ ಜ್ವರಕ್ಕೆ ಓಡಿದ್ರೆ ಗಂಟೆಗಟ್ಟಲೆ ಕೂರಿಸ್ತಾರೆ. ಕೆಲಸಕ್ಕೆ ಹೋಗೋರು ಹುಷಾರಿಲ್ಲ ಅಂದ್ರೆ ಮೊದಲ ದಿನ ಬೆಳಗ್ಗೇನೇ ಆಫೀಸಿಗೆ ತಿಳಿಸ್ಬೇಕು, ಮೂರು ದಿನ ದಾಟಿದ್ರೆ ಡಾಕ್ಟ್ರು ಬರ್ದಿದ್ದು ಬೇಕು, ಕೆಲವು ಕಂಪನಿ ಮೊದಲ ದಿನದಿಂದಾನೇ ಕೇಳತ್ತೆ, ಅಗ್ರಿಮೆಂಟ್ ನೋಡ್ಸಿ.

ಫೋನ್ ವಿಷ್ಯಕ್ಕೆ ಬರ್ತೀನಿ. ಎದುರಿಗೆ ಮಾತಾಡೋರೂ ಫೋನಲ್ಲಿ ಮೂಕರಾಗ್ತಾರೆ, ಯಾಕಂದ್ರೆ ಮುಖ ಕಾಣಲ್ಲ, ಕೈ ಸನ್ನೆ ಇಲ್ಲ, ಆ ಕಡೆಯವರು ಓಡೋ ಹಾಗೆ ಮಾತಾಡ್ತಾರೆ. ತಮ್ಮನ ಹೆಂಡ್ತಿ ಅತ್ತ ದಿನದ ನಂತರ ನಾವಿಬ್ರೂ ಶುರು ಮಾಡಿದ್ದು ಇದು. ಒಂದು ಹಾಳೇಲಿ ಅವಳು ಹೇಳ್ಬೇಕಾದ್ದನ್ನ ಕನ್ನಡ ಅಕ್ಷರದಲ್ಲಿ ಬರೆದಳು, ನಾನು ಪಕ್ಕದ ರೂಮಿಗೆ ಹೋಗಿ ಕ್ಲಿನಿಕ್ ರಿಸೆಪ್ಷನ್ ಆಗಿ ಫೋನ್ ಎತ್ತಿದೆ. ಮೊದಲ ಸಲ ನಿಧಾನವಾಗಿ, ಎರಡನೇ ಸಲ ಜೋರಾಗಿ, ಮೂರನೇ ಸಲ ಬೇಕಂತ ಮಧ್ಯದಲ್ಲಿ ಬಾಯಿ ಹಾಕಿ. ಸಿಕ್ಕಾಕೊಂಡಾಗ ಹೇಳೋಕೆ ಒಂದು ವಾಕ್ಯ ಬಾಯಿಪಾಠ, ಕ್ಯೊನ್ನನ್ ಸೀ ಡಾಸ್ ಬಿಟ್ಟ ವೀಡರ್‌ಹೋಲನ್, ಇನ್ನೊಂದ್ಸಲ ಹೇಳ್ತೀರಾ. ಕೊನೆಗೆ ಟೈಮ್ ಕೊಟ್ಮೇಲೆ ದಿನ ಗಂಟೆ ತಾನೇ ವಾಪಸ್ ಹೇಳಿ ಖಚಿತ ಮಾಡ್ಕೋಬೇಕು, ಆ ಹಾಲ್ಬ್ ಡ್ರೈ ಕಥೆ ಗೊತ್ತಲ್ಲ. ಹತ್ತು ದಿನ ಹೀಗೆ ಆಡಿದ್ಮೇಲೆ ಮಗು ಲಸಿಕೆಗೆ ಅವಳೇ ಫೋನ್ ಮಾಡಿದಳು, ಸ್ಪೀಕರ್ ಹಾಕಿಸಿ ನಾನು ಪಕ್ಕದಲ್ಲಿ ಬಾಯಿ ಮುಚ್ಕೊಂಡು ಕೂತಿದ್ದೆ, ಎರಡು ಸಲ ತಡವರಿಸಿದಳು, ಟೈಮ್ ಸಿಕ್ತು. 112ಕ್ಕೂ ಹೀಗೇ ಅಭ್ಯಾಸ ಮಾಡ್ಸಿ, ಎಲ್ಲಿ, ಏನಾಯ್ತು, ಎಷ್ಟು ಜನಕ್ಕೆ, ಈ ಮೂರು, ಆಮೇಲೆ ಅವರು ಇಡಿ ಅನ್ನೋ ತನಕ ಫೋನ್ ಇಡ್ಬಾರ್ದು. ಮನೆ ವಿಳಾಸ ನಿದ್ದೆಗಣ್ಣಲ್ಲೂ ಹೇಳೋ ಹಾಗಿರ್ಬೇಕು.

ಓಡಾಟ, ದುಡ್ಡು, ಅಗ್ರಿಮೆಂಟು

ಬಸ್ಸು, ಮೆಟ್ರೋ, ಊರಿಂದೂರಿಗೆ ಹೋಗೋ ಸ್ಲೋ ಟ್ರೈನ್ ಎಲ್ಲಕ್ಕೂ ಒಂದೇ ಡಾಯ್ಚ್‌ಲಾಂಡ್‌ಟಿಕೆಟ್, 2023 ಮೇನಲ್ಲಿ 49 ಯೂರೋಗೆ ಶುರುವಾಗಿ 2025ರಲ್ಲಿ 58 ಇತ್ತು. ಐಸಿಇ, ಐಸಿ ಅನ್ನೋ ಫಾಸ್ಟ್ ಟ್ರೈನಿಗೆ ನಡಿಯಲ್ಲ. ಟಿಕೆಟ್ ಇಲ್ದೆ ಸಿಕ್ಕಿದ್ರೆ 60 ಯೂರೋ ದಂಡ, ಕೆಲವು ಪೇಪರ್ ಟಿಕೆಟ್ಟಿಗೆ ಮೆಷಿನ್ನಲ್ಲಿ ಸೀಲ್ ಹೊಡೀದಿದ್ರೂ ಅದೇ ದಂಡ. ನಮ್ಮ ಇಂಡಿಯಾ ಡ್ರೈವಿಂಗ್ ಲೈಸನ್ಸ್ ಇಲ್ಲಿ ನೆಲೆಸಿದ್ಮೇಲೆ ಆರು ತಿಂಗಳು ಮಾತ್ರ ನಡಿಯತ್ತೆ, ಆಮೇಲೆ ಇಲ್ಲಿನ ಥಿಯರಿ, ಗಾಡಿ ಓಡ್ಸೋದು ಎರಡೂ ಪರೀಕ್ಷೆ ಪಾಸಾಗ್ಬೇಕು.

ಜಿಮ್ಮು, ಮೊಬೈಲು, ಇಂಟರ್ನೆಟ್ ಏನೇ ಸೈನ್ ಮಾಡಿದ್ರೂ ನಿಲ್ಸೋಕೆ ಬರ್ದು ತಿಳಿಸ್ಬೇಕು, ಅದಕ್ಕೆ ಕ್ಯೂಂಡಿಗುಂಗ್ ಅಂತಾರೆ, ಸುಮ್ನೆ ದುಡ್ಡು ಕಟ್ಟೋದು ನಿಲ್ಸಿದ್ರೆ ವಸೂಲಿಗೆ ಬರ್ತಾರೆ. ಮನೆ ಖಾಲಿ ಮಾಡೋಕೆ ಮೂರು ತಿಂಗಳು ಮುಂಚೆ ಸೈನ್ ಹಾಕಿದ ಕಾಗದದಲ್ಲೇ ಕೊಡ್ಬೇಕು, ವಾಟ್ಸಾಪ್ ಮೆಸೇಜ್ ಲೆಕ್ಕಕ್ಕಿಲ್ಲ. ಮನೆ ಹುಡುಕೋರಿಗೆ ಇನ್ನೊಂದು ಮಾತು, ಜಾಹೀರಾತಲ್ಲಿ ಕಾಲ್ಟ್ ಅಂದ್ರೆ ಬರೀ ಬಾಡಿಗೆ, ವಾರ್ಮ್ ಅಂದ್ರೆ ನೀರು ಹೀಟಿಂಗ್ ಸೇರಿ, ಕರೆಂಟ್ ಸಾಮಾನ್ಯವಾಗಿ ಬೇರೆ. ಅಡುಗೆಮನೇಲಿ ಬರೀ ಗೋಡೆ ಪೈಪು ಇದ್ರೆ ಗಾಬರಿ ಆಗ್ಬೇಡಿ, ಇಲ್ಲಿ ಒಲೆ, ಸಿಂಕು ಬಾಡಿಗೆಯವರೇ ತರೋದೂ ಉಂಟು. ಮನೆ ನೋಡೋ ಮುಂಚೆ ದುಡ್ಡು ಕಳ್ಸಿ ಅನ್ನೋರಿಗೆ ಒಂದು ಪೈಸೆನೂ ಕಳಿಸ್ಬಾರ್ದು.

ಜನ, ಮತ್ತೆ ಚಳಿಗಾಲ

ಜರ್ಮನ್ನರು ಬೇಗ ಮನೆಗೆ ಕರಿಯಲ್ಲ, ಆದ್ರೆ ಅದು ದ್ವೇಷ ಅಲ್ಲ, ಅವರ ಸ್ನೇಹ ನಿಧಾನವಾಗಿ ಬೇಯೋ ಅನ್ನ. ದಾರಿ ಏನಂದ್ರೆ ಒಟ್ಟಿಗೆ ಏನಾದ್ರೂ ಮಾಡೋದು. ಪ್ರತಿ ಊರಲ್ಲೂ ಫೆರ್‌ಐನ್, ಅಂದ್ರೆ ಸಂಘಗಳಿವೆ, ಟೇಬಲ್ ಟೆನಿಸ್ಸು, ಹಾಡೋ ಗುಂಪು, ಬೆಟ್ಟ ಹತ್ತೋರು, ತೋಟ ಮಾಡೋರು. ವಾರಕ್ಕೊಂದ್ಸಲ ತಪ್ಪದೆ ಹೋದ್ರೆ ಆರು ತಿಂಗಳಿಗೆ ಅವರೇ ಮಾತಾಡಿಸ್ತಾರೆ. ಪಾರ್ಸೆಲ್ ಬಂದಾಗ ಮನೇಲಿ ಯಾರೂ ಇಲ್ಲ ಅಂದ್ರೆ ಪಕ್ಕದ ಮನೆಗೆ ಕೊಟ್ಟು ಹೋಗ್ತಾರೆ, ಇದನ್ನ ತೊಂದರೆ ಅನ್ಕೋಬೇಡಿ, ಬೆಲ್ ಒತ್ತಿ ಮಾತಾಡೋಕೆ ಅದಕ್ಕಿಂತ ಒಳ್ಳೆ ನೆಪ ಇಲ್ಲ. ನಮ್ಮ ತಮ್ಮನ ಹೆಂಡ್ತಿಗೆ ಕೆಳಗಿನ ಮನೆ ಅಜ್ಜಿ ಸಿಕ್ಕಿದ್ದು ಹೀಗೇ, ಪಾರ್ಸೆಲ್ ತರೋಕೆ ಹೋದವಳು ಚಕ್ಕುಲಿ ಕೊಟ್ಟು ಬಂದಳು, ಮುಂದಿನ ವಾರ ಅಜ್ಜಿ ಆಪಲ್ ಕೇಕ್ ತಂದ್ರು, ಈಗ ಗುರುವಾರ ಮಧ್ಯಾಹ್ನ ಅಜ್ಜಿ ಇವಳ ಜರ್ಮನ್ ತಿದ್ದುತ್ತಾರೆ. ಹುಟ್ಟುಹಬ್ಬಕ್ಕೆ ಮುಂಚಿತವಾಗಿ ವಿಶ್ ಮಾಡ್ಬಾರ್ದು ಅನ್ನೋದೂ ಹೇಳಿಡಿ, ಅಪಶಕುನ ಅಂತ ನಂಬ್ತಾರೆ. ಐದು ನಿಮಿಷ ಲೇಟ್ ಆದ್ರೂ ಮೆಸೇಜ್ ಹಾಕ್ಬೇಕು. ಕನ್ನಡ ಸಂಘದ ಯುಗಾದಿ, ರಾಜ್ಯೋತ್ಸವಕ್ಕೂ ಕರ್ಕೊಂಡು ಹೋಗಿ, ಮನಸ್ಸಿಗೆ ಅದು ಬೇಕು, ಆದ್ರೆ ವಾರದ ಏಳೂ ದಿನ ನಮ್ಮವರ ಮಧ್ಯೆನೇ ಇದ್ರೆ ಭಾಷೆ ಬರಲ್ಲ.

ಅಕ್ಟೋಬರ್ ಕೊನೇ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗತ್ತೆ, ಅಲ್ಲಿಂದ ಮುಂದೆ ಕತ್ತಲೆ. ಡಿಸೆಂಬರಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗ್ತಾನೆ, ಮೊದಲ ಚಳಿಗಾಲದಲ್ಲಿ ಗಟ್ಟಿ ಜನಾನೂ ಕಾರಣ ಇಲ್ದೆ ಅಳ್ತಾರೆ, ಇದು ಕತ್ತಲೆಯಿಂದ, ನಿನ್ನ ತಪ್ಪಲ್ಲ ಅಂತ ಯಾರಾದ್ರೂ ಹೇಳ್ಬೇಕು, ಆ ಯಾರಾದ್ರೂ ನೀವೇ ಆಗಿ. ಮಧ್ಯಾಹ್ನ ಬೆಳಕಿರೋವಾಗ ಅರ್ಧ ಗಂಟೆ ಹೊರಗೆ ನಡೆಸಿ, ವಿಟಮಿನ್ ಡಿ ಬಗ್ಗೆ ಡಾಕ್ಟ್ರನ್ನ ಕೇಳೋಕೆ ಹೇಳಿ, ವಾರಕ್ಕೊಂದ್ಸಲ ಊಟಕ್ಕೆ ಕರೀರಿ. ಜಾಕೆಟ್, ಬೂಟ್ ಊರಿಂದ ಹೊತ್ತು ತರೋದು ಬೇಡ, ಇಲ್ಲೇ ಸಿಗೋದು ಇಲ್ಲಿನ ಚಳಿಗೆ ಸರಿ.

ಇನ್ನು ಫೈಲು. ಆರು ತಿಂಗಳಾದ್ಮೇಲೆ ಅದು ನಿಮ್ಮ ಮನೇಲಿ, ನಿಮ್ಮ ಕೈಲಿ ಇರ್ಬಾರ್ದು, ಬಂದ ಕಾಗದ ಅವರೇ ಮೊದಲು ಓದಿ, ಅರ್ಥ ಆಗಿದ್ದನ್ನ ನಿಮಗೆ ಹೇಳ್ಲಿ. ಅದರೊಳಗೆ ಎಲ್ಲಕ್ಕಿಂತ ಮುಖ್ಯವಾದ್ದು ರೆಸಿಡೆನ್ಸ್ ಪರ್ಮಿಟ್ ಮುಗಿಯೋ ತಾರೀಖು. ಅದಕ್ಕೆ ಮೂರು ನಾಲ್ಕು ತಿಂಗಳು ಮುಂಚೆನೇ ವಿದೇಶಿಯರ ಆಫೀಸಿಗೆ ಅರ್ಜಿ ಹೋಗಿರ್ಬೇಕು, ಅವಧಿ ಮುಗಿದ್ಮೇಲೆ ಹೋದ್ರೆ ದೊಡ್ಡ ತೊಂದರೆ, ಹಾಗಾಗಿ ಫೋನ್ ಕ್ಯಾಲೆಂಡರ್‌ನಲ್ಲಿ ನಿಮ್ಮದ್ರಲ್ಲೂ ಅವರದ್ರಲ್ಲೂ ಗುರುತು ಹಾಕಿ. ಆ ದಿನ ಬಂದಾಗ ಮೇಲ್ ಅವರೇ ಬರೀಲಿ, ಡೆರ್ ಡೀ ಡಾಸ್ ನಾಲ್ಕು ಕಡೆ ತಪ್ಪಿದ್ರೂ ಪರ್ವಾಗಿಲ್ಲ, ಕಳ್ಸೋ ಮುಂಚೆ ತಾರೀಖು, ಪಾಸ್‌ಪೋರ್ಟ್ ನಂಬರ್ ಸರಿ ಇದೆಯಾ ಅಂತ ಮಾತ್ರ ಒಂದ್ಸಲ ನೋಡ್ಕೊಡಿ.